ಹತ್ತು, ಹತ್ತು

ಅಶೋಕ ರಸ್ತೆಯ ಗೇಟು ಬಿದ್ದಾಗ ಸ್ಕೋರು ಹತ್ತು, ಹತ್ತು.
ಓಬಳೇಶಿಯ ಬೈಕಿನ ಟ್ಯಾಂಕಿನ ಮೇಲೆ ಮೊಬೈಲು,
ಮೊಬೈಲಿನಲ್ಲಿ ಯಾವುದೋ ಚಳಿ ದೇಶದ ನೀಲಿ ಮೇಜು,
ಮೇಜಿನ ಆ ತುದಿಗೆ ನಮ್ಮ ಚಮನ್‌ಸಾಬ್
ಕೋಲಿಗೆ ಚಾಕ್ ತಿಕ್ಕುತ್ತ
ತಿಕ್ಕುತ್ತ
ತಿಕ್ಕುತ್ತ.
‘ಲೇ, ಸವೆದು ಹೋಗ್ತತಿ, ಹೊಡಿಯಲೇ’
ಅಂದ ಆಟೋದಿಂದ ಕತ್ತು ಹಾಕಿ ಕೊಟ್ರೇಶಿ.

ಏಳು ವರ್ಷದ ಮೇಲೆ ಫೈನಲ್ಲು.
ಹರಿಹರದ ಸೇತುವೆ ಹತ್ತಿರ ಲಾರಿ ತಾಗಿ
ಮೊಣಕಾಲಿಗೆ ಕಬ್ಬಿಣ ಕೂರಿಸಿದ ಮೇಲೆ
ಅವನು ಆಡಿದ್ದಿಲ್ಲ. ಬೇರೆಯವರು ಆಡುವ ಮೇಜುಗಳಿಗೆ
ಹಾವೇರಿ, ರಾಣೆಬೆನ್ನೂರು, ಹೊಸಪೇಟೆ ತಿರುಗಿ
ಹಳೇ ಬಟ್ಟೆ ಕಿತ್ತು ಹೊಸದು ಎಳೆದು ಕಟ್ಟುತ್ತಿದ್ದ.
ಜಿನ್ನಿಂಗ್ ಮಿಲ್ಲಿನ ಗೋಡೌನಿನಲ್ಲಿ ನಮ್ಮ ಹಾಲಿದ್ದಾಗ
ಗಂಟೆ ಲೆಕ್ಕ ಬರೆಯುತ್ತಿದ್ದವ ನಾನು.
ಅವನ ಹೆಸರಿನ ಮುಂದೆ ಮುನ್ನೂರ ನಲವತ್ತು ರೂಪಾಯಿ
ಇವತ್ತಿಗೂ ಬಾಕಿ. ಹಾಲೇ ಇಲ್ಲ, ಬಾಕಿ ಇದೆ.

ಕಾಲು ಮಡಚದೆ ಪಕ್ಕಕ್ಕೆ ಚಾಚಿ ನಿಂತ.
‘ಥೇಟ್ ಅವರಪ್ಪ. ಭಟ್ಟಿ ಮುಂದೆ ಮಂಡಕ್ಕಿ ಹುರಿಯೋವಾಗ
ಹಿಂಗೇ ನಿಲ್ಲೋನು’ ಅಂದ ರುದ್ರಮುನಿ.
ಉಳಿದದ್ದು ಒಂದೇ, ಹಳದಿ ಪಟ್ಟಿಯ ಒಂಬತ್ತು.
ಕ್ಯಾಮೆರಾ ಅವನ ಮುಖವನ್ನೇ ಹಿಡಿದಿತ್ತು,
ಚೆಂಡು ಎಲ್ಲಿದೆಯೋ ಕಾಣಲಿಲ್ಲ.
ಬಾಗಿದ. ಉಸಿರು ಬಿಟ್ಟ, ಅಥವಾ ಬಿಟ್ಟವರು ನಾವು.

ಅಷ್ಟರಲ್ಲಿ ಗೂಡ್ಸು ಬಂತು.
ಐವತ್ತೆಂಟು ಡಬ್ಬಿ; ಎಣಿಸುವುದು ಓಬಳೇಶಿಯ ಚಟ.
ಪರದೆಯಲ್ಲಿ ಚಮನ್ ಕಲ್ಲಾದ,
ಅವನ ಮೂಗಿನ ಮೇಲೊಂದು ಬಿಳಿ ಚಕ್ರ
ತಿರುಗಿತು, ತಿರುಗುತ್ತಲೇ ಇತ್ತು.
ಗೇಟು ಎದ್ದಿತು. ಹಿಂದೆ ಹಾರನ್ನು, ಬೈಗುಳ,
ಸೊಪ್ಪಿನ ಗಾಡಿಯವಳ ಶಾಪ.
ನಾವು ನಾಲ್ವರೂ ಹಳಿಯ ಈಚೆ ಹೂತಿಟ್ಟ ಕಲ್ಲು.
ಚಕ್ರ ನಿಂತಾಗ
ಕೋಲು ಮೇಜಿನ ಮೇಲೆ ಮಲಗಿತ್ತು,
ಚಮನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.
ಗೆದ್ದನೋ ಸೋತನೋ ತಿಳಿಯಲಿಕ್ಕೆ
ಎದುರಾಳಿ ಬಂದು ಅವನ ತೋಳು ಎತ್ತಿ ಹಿಡಿಯುವ ತನಕ
ಕಾಯಬೇಕಾಯ್ತು.

ಮಿರ್ಚಿ ಅಂಗಡಿಯಲ್ಲಿ ಶುರುವಾಯ್ತು.
‘ಮೂರು ಕುಶನ್ ಬಡಿದು ಒಳಗೆ ಹೋತು,
ಬ್ಯಾರೆ ದಾರೀನೇ ಇರ್ಲಿಲ್ಲ.’
‘ನೀ ಕಂಡ್ಯಾ ಕೊಟ್ರೇಶಿ?’
‘ಕಾಣೋದೇನ್ ಬಂತು, ಚಮನ್ ಹೊಡೆಯೋದೇ ಹಂಗೆ.’
ಓಬಳೇಶಿ ಉಪ್ಪಿನ ಡಬ್ಬಿ, ಈರುಳ್ಳಿ ಹೋಳು,
ಅರ್ಧ ಕಚ್ಚಿದ ಮಿರ್ಚಿ ಜೋಡಿಸಿ ನಕ್ಷೆ ಮಾಡಿದ:
ಬಿಳಿ ಇಲ್ಲಿ, ಒಂಬತ್ತು ಇಲ್ಲಿ, ನಡುವೆ ಮೊಣಕಾಲು.
‘ಎಡಗೈಲೇ ಹೊಡೆದಿರ್ತಾನೆ. ಆ ಕಾಲಿಟ್ಕೊಂಡು
ಬಲಗೈ ಎಟುಕಲ್ಲ.’
ಪಕ್ಕದ ಬೆಂಚಿನ ಮುದುಕರು, ಪೂಲೆಂದರೆ ಈಜುಕೊಳ ಅಂದುಕೊಂಡವರು,
‘ಅಷ್ಟು ಹೊತ್ತು ನೀರಾಗಿದ್ರೆ ಕಾಲು ಸೆಟೆಯಲ್ವೇನಪ್ಪಾ’ ಅಂದರು.
ಯಾರೂ ತಿದ್ದಲಿಲ್ಲ. ಅವರಿಗೂ ಒಂದು ಪ್ಲೇಟು ಹೇಳಿದೆವು.
ಚೆಂಡು ಪ್ರತಿ ಸಲ ಬೇರೆ ದಾರಿ ಹಿಡಿದು
ಅದೇ ತೂತಿಗೆ ಬಿತ್ತು.

ರಾತ್ರಿ ಒಂಬತ್ತೂವರೆಗೆ ಪೂರ್ತಿ ವಿಡಿಯೊ ಬಂತು.
ನೇರ ಹೊಡೆತ. ಒಂದೂವರೆ ಗೇಣು.
ಹಾಲಿನ ಕಸ ಗುಡಿಸುತ್ತಿದ್ದ ಹುಡುಗನೂ ಹಾಕಬಹುದಾದದ್ದು.
ರುದ್ರಮುನಿ ಮೊಬೈಲು ಬೋರಲು ಹಾಕಿದ:
‘ನಾವ್ ಆಡಿದ ಆಟಾನೇ ಚಲೋ ಇತ್ತು ಬಿಡ್ರಿ.’

ಮನೆಗೆ ಹೋಗಿ, ಸದ್ದು ಆರಿಸಿ, ಮತ್ತೆ ನೋಡಿದೆ.
ಹೊಡೆಯುವ ಮುಂಚೆ
ಚೆಂಡಿಗೂ ತೂತಿಗೂ ನಡುವಿನ ಬಟ್ಟೆಯನ್ನು
ಅವನು ಅಂಗೈಯಲ್ಲಿ ಒಮ್ಮೆ ಸವರುತ್ತಾನೆ,
ಏನೂ ಇಲ್ಲದ ಕಡೆ, ಧೂಳೂ ಇಲ್ಲದ ಕಡೆ,
ಮೊಳೆ ಹೊಡೆಯುವ ಮುಂಚೆ ಸುಕ್ಕು ಹುಡುಕುವವನ ಹಾಗೆ.

ಟ್ರಂಕಿನಿಂದ ಲೆಕ್ಕದ ಪುಸ್ತಕ ತೆಗೆದೆ. ಮುನ್ನೂರ ನಲವತ್ತು.
ಗೀಟು ಎಳೆಯಲು ಪೆನ್ನೂ ತೆಗೆದೆ.
ಮುಚ್ಚಿಟ್ಟೆ.
ಇರಲಿ. ಬಂದು ಕೊಡಲಿ.